ಮೊದಲ ವೀಳ್ಯ ಯಾರಿಗೆ?

ಜಂಬ ಒಳ್ಳೆಯದಲ್ಲ ಎಂದು ನನ್ನ ಶಾಲೆಯ ಮಕ್ಕಳಿಗೆ ವರ್ಷಕ್ಕೊಂದು ಸಲವಾದರೂ ಹೇಳುತ್ತೇನೆ. ಹೇಳುವಾಗ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಗಂಭೀರವಾಗಿಯೇ ಇರುತ್ತೇನೆ. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ? ಈಚೆಗೆ ನನಗೆ ಜಂಬ ಬಂದಿದೆ. ಮಾಗಿಯಲ್ಲಿ ಅವರೆಕಾಯಿ ಸುಲಿದ ಕೈಗೆ ಸೊಗಡು ಅಂಟಿಕೊಳ್ಳುತ್ತದಲ್ಲ, ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ, ಹಾಗೆ ಅಂಟಿಕೊಂಡಿದೆ. ತರಕಾರಿ ಕೊಳ್ಳುವಾಗ, ಹಾಜರಿ ಕೂಗುವಾಗ ತುಟಿಯಂಚಿನಲ್ಲಿ ಒಂದು ನಗು ಬಂದು ಕೂತಿರುತ್ತದೆ. "ಏನ್ ಮೇಡಂ, ಲಾಟ್ರಿ ಹೊಡೀತಾ?" ಎಂದು ಶಾಲೆಯ ಟೀಚರುಗಳು ಕೇಳುತ್ತಾರೆ. ಲಾಟರಿ ಮಾರುವುದು ಗಡಿಯಾಚೆ ಕೇರಳದಲ್ಲಿ, ನಾನು ಕೊಂಡವಳಲ್ಲ. ನಾನು ಮಾಡಿದ್ದು ಇಷ್ಟು: ಗೋ ಎಂಬ ಆಟದ ಒಂದು ಕಷ್ಟದ ಲೆಕ್ಕವನ್ನು ಯಾರನ್ನೂ ಕೇಳದೆ ಬಿಡಿಸಿದೆ. ಬಿಡಿಸಿದ ಅದೇ ಬುದ್ಧಿಯಿಂದ, ಮಾತು ಬಿಟ್ಟಿದ್ದ ನನ್ನ ಇಬ್ಬರು ಅಣ್ಣಂದಿರನ್ನು ಮಗಳ ಮದುವೆಯ ಚಪ್ಪರದ ಕೆಳಗೆ ತಂದು ನಿಲ್ಲಿಸಿದೆ.

ಮೊದಲು ಆಟದ ವಿಷಯ ಹೇಳಿಬಿಡುತ್ತೇನೆ. ನನ್ನ ಮನೆ ಗುಂಡ್ಲುಪೇಟೆಯಲ್ಲಿ, ಗಣಿತ ಹೇಳಿಕೊಡುವ ಶಾಲೆ ಚಾಮರಾಜನಗರದಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಿಟಕಿಯಾಚೆಯ ಈರುಳ್ಳಿ ಹೊಲ, ಅರಿಶಿನದ ಹೊಲ ನೋಡುತ್ತ ಹೋಗುತ್ತಿದ್ದೆ. ಎಷ್ಟು ದಿನ ನೋಡುವುದು? ಆಮೇಲೆ ನಿದ್ದೆ ಮಾಡತೊಡಗಿದೆ. ಒಂದು ದಿನ ತೆರಕಣಾಂಬಿಯಲ್ಲಿ ಎಚ್ಚರವಾದಾಗ ನನ್ನ ತಲೆ ನನ್ನದೇ ತರಗತಿಯ ಹುಡುಗಿಯ ಅಜ್ಜಿಯ ಭುಜದ ಮೇಲಿತ್ತು. "ಮಲಿಕ್ಕಳವ್ವ, ಮಲಿಕ್ಕ, ಮೊಕ್ಕಳ್ ಕುಟ್ಟೆ ಕೂಗಿ ಕೂಗಿ ಸುಸ್ತಾಗಿರ್ತದ" ಎಂದಿತು ಮುದುಕಿ. ಅಂದಿನಿಂದ ನಾಚಿಕೆಯಾಗಿ ನಿದ್ದೆ ಬಿಟ್ಟೆ. ಮಗಳು ಸುಮ ನನ್ನ ಅವಸ್ಥೆ ನೋಡಿ ಮೊಬೈಲಿನಲ್ಲಿ ಈ ಆಟವನ್ನು ಹಾಕಿಕೊಟ್ಟಳು.

ಗೋ ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ಆಟ. ನಮ್ಮ ಹೆಣ್ಣುಮಕ್ಕಳ ಹಾಗೆ, ಹುಟ್ಟಿದ್ದು ಒಂದು ಮನೆ, ಹೆಸರು ಬಂದದ್ದು ಇನ್ನೊಂದು ಮನೆಯಲ್ಲಿ. ಮಣೆಯ ತುಂಬ ಅಡ್ಡಗೆರೆ, ಉದ್ದಗೆರೆ. ಒಬ್ಬರ ಕೈಯಲ್ಲಿ ಕಪ್ಪು ಕಲ್ಲು, ಇನ್ನೊಬ್ಬರ ಕೈಯಲ್ಲಿ ಬಿಳಿ. ಗೆರೆ ಕೂಡುವ ಜಾಗದಲ್ಲಿ ಒಬ್ಬರಾದ ಮೇಲೆ ಒಬ್ಬರು ಕಲ್ಲು ಇಡುತ್ತ ಹೋಗಬೇಕು. ಇಟ್ಟ ಕಲ್ಲನ್ನು ಸರಿಸುವ ಹಾಗಿಲ್ಲ. ಸುತ್ತ ದಾರಿ ಕಟ್ಟಿದರೆ ಒಳಗಿನ ಕಲ್ಲು ಸತ್ತಂತೆ, ಎತ್ತಿ ಆಚೆ ಹಾಕುತ್ತಾರೆ. ಆದರೆ ಒಂದು ಗುಂಪಿನ ಹೊಟ್ಟೆಯೊಳಗೆ ಬೇರೆ ಬೇರೆಯಾಗಿ ಎರಡು ಖಾಲಿ ಮನೆ ಉಳಿದರೆ ಆ ಗುಂಪನ್ನು ಯಾರೂ ಏನೂ ಮಾಡಲಾಗದು. ಒಂದೇ ಮನೆ ಉಳಿದರೆ ಸಾವು, ಎರಡು ಉಳಿದರೆ ಬದುಕು. ಕಲಿಯುವುದಕ್ಕೆ ಇಷ್ಟೇ ಇರುವುದು. ಆಡುವುದಕ್ಕೆ ಜನ್ಮ ಸಾಲುವುದಿಲ್ಲ ಎನ್ನುತ್ತಾರೆ. ನನಗಂತೂ ಅರ್ಧ ಜನ್ಮ ಕಳೆದ ಮೇಲೆ ಸಿಕ್ಕಿತು.

ಮೊಬೈಲಿನ ಪುಟ್ಟ ಪರದೆ ಸಾಲದೆ ಮನೆಯಲ್ಲಿ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಣೆ ಬರೆದುಕೊಂಡೆ. ಕಪ್ಪಿಗೆ ಹುಣಸೆ ಬೀಜ, ಬಿಳಿಗೆ ಒಣ ಅವರೆಕಾಳು. ಗುಂಡ್ಲುಪೇಟೆಯಲ್ಲಿ ಈ ಎರಡಕ್ಕೂ ಯಾವತ್ತೂ ಬರ ಇಲ್ಲ. ನಮ್ಮ ಮನೆಯವರು ಈರುಳ್ಳಿ ಮಂಡಿ ಇಟ್ಟುಕೊಂಡಿದ್ದಾರೆ. ಒಳ್ಳೆಯ ಮನುಷ್ಯ, ಹೆಂಡತಿಗೆ ನೆರವಾಗಬೇಕೆಂಬ ಆಸೆ ಜಾಸ್ತಿ. ಒಂದು ಭಾನುವಾರ ನಾನು ಸ್ನಾನಕ್ಕೆ ಹೋಗಿ ಬರುವುದರೊಳಗೆ ನೆಲದ ಮೇಲೆ ಬಿದ್ದಿದ್ದ ಕಾಳನ್ನೆಲ್ಲ ಆರಿಸಿ ನೆನೆ ಹಾಕಿಬಿಟ್ಟಿದ್ದರು. ಮರುದಿನ ನನ್ನ ಬಿಳಿಯ ಸೈನ್ಯವೆಲ್ಲ ಸಾರಿನಲ್ಲಿ ತೇಲುತ್ತಿತ್ತು. "ಯಾಕೋ ಕಾಳು ಬೇಯ್ನೇ ಇಲ್ಲ ಕಣೇ" ಎಂದರು ಊಟ ಮಾಡುತ್ತ. ನನ್ನ ಜೊತೆ ಅಷ್ಟು ದಿನ ಕಾದಾಡಿದ ಕಾಳು, ಅಷ್ಟು ಸುಲಭಕ್ಕೆ ಬೇಯುತ್ತದೆಯೇ?

ಈ ಆಟದಲ್ಲಿ ಬಿಡಿ ಲೆಕ್ಕಗಳಿರುತ್ತವೆ. ಮಣೆಯ ಒಂದು ಮೂಲೆಯಲ್ಲಿ ಕಲ್ಲುಗಳನ್ನು ಹೂಡಿಟ್ಟು, 'ಕಪ್ಪಿನ ಸರದಿ, ಗುಂಪನ್ನು ಬದುಕಿಸಿ' ಎನ್ನುತ್ತಾರೆ. ನನ್ನ ಜಂಬಕ್ಕೆ ಕಾರಣವಾದ ಲೆಕ್ಕವೂ ಅಂಥದ್ದೇ. ಅದರಲ್ಲಿ ಎರಡು ಮುಖ್ಯ ಜಾಗಗಳಿದ್ದವು, ಎಡಕ್ಕೊಂದು, ಬಲಕ್ಕೊಂದು. ಎಡಕ್ಕೆ ನಾನಿಟ್ಟರೆ ಬಿಳಿ ಬಲಕ್ಕಿಟ್ಟು ಕೊಲ್ಲುತ್ತಿತ್ತು. ಬಲಕ್ಕಿಟ್ಟರೆ ಎಡಕ್ಕಿಟ್ಟು ಕೊಲ್ಲುತ್ತಿತ್ತು. ಎರಡೂ ನನಗೆ ಬೇಕು, ಎರಡೂ ಮೊದಲೇ ಬೇಕು. ಆದರೆ ಒಂದು ಸಲಕ್ಕೆ ಒಂದೇ ಕಲ್ಲು. ಯಾವ ಕಲ್ಲು ಎಲ್ಲಿಗೆ ಎಂಬುದು ಹೇಗೋ ಹೊಳೆಯುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಎಂಬುದೇ ತಲೆ ತಿನ್ನುವ ಕೆಲಸ.

ನೀವು ನಗಬಹುದು, ಹಿಂದುಮುಂದಾದರೆ ಏನಂತೆ ಎಂದು. ಎರಡಕ್ಕೆ ಮೂರು ಕೂಡಿದರೂ ಐದು, ಮೂರಕ್ಕೆ ಎರಡು ಕೂಡಿದರೂ ಐದು ಎಂದು ಕಲಿಸುವವಳು ನಾನೇ. ಆದರೆ ಲೋಕದಲ್ಲಿ ಕೂಡುವ ಲೆಕ್ಕ ಕಡಿಮೆ. ಒಗ್ಗರಣೆಗೆ ಮೊದಲು ಸಾಸಿವೆ ಸಿಡಿದು, ಆಮೇಲೆ ಕರಿಬೇವು ಬೀಳಬೇಕು. ಕರಿಬೇವು ಮೊದಲು ಬಿದ್ದರೆ ಅದು ಕರಕಲು, ಸಾಸಿವೆ ಹಸಿ. ನಮ್ಮ ಮನೆಯವರ ಮಂಡಿಯಿಂದ ಘಟ್ಟ ಇಳಿದು ಹೋಗುವ ಲಾರಿಗೆ ಕಟ್ಟಕಡೆಯ ಊರಿನಲ್ಲಿ ಇಳಿಸುವ ಮೂಟೆಯನ್ನು ಮೊದಲು ಹಾಕುತ್ತಾರೆ. ಅದೊಂದು ತಪ್ಪಿದರೆ ಮೊದಲ ಊರಿನಲ್ಲೇ ಲಾರಿಯನ್ನೆಲ್ಲ ಬಗೆಯಬೇಕು, ಅಲ್ಲಿಯ ಅಂಗಡಿಯ ಚೇಟ ಫೋನು ಮಾಡಿ ಮಲಯಾಳದಲ್ಲಿ ಬೈಯುವುದನ್ನು ಇವರು ಕನ್ನಡದಲ್ಲಿ ಕೇಳಿಸಿಕೊಳ್ಳಬೇಕು. ಇನ್ನು ನೆಂಟರ ವಿಷಯಕ್ಕೆ ಬಂದರಂತೂ ಕೇಳಲೇಬೇಡಿ. ಅದೇ ಪತ್ರಿಕೆ, ಅದೇ ಎಲೆ ಅಡಿಕೆ, ಅದೇ ನೆಂಟರು. ಮೊದಲು ಯಾರ ಮನೆಗೆ ಹೋದಿರಿ ಎನ್ನುವ ಒಂದೇ ಮಾತಿಗೆ ಮನೆಗಳು ಮುರಿದಿವೆ. ನಮ್ಮದೂ ಹಾಗೇ ಮುರಿದದ್ದು.

ನನ್ನ ತವರು ಭೀಮನಬೀಡು. ಅಪ್ಪ, ದೊಡ್ಡಪ್ಪ ಒಂದೇ ಮನೆಯಲ್ಲಿದ್ದವರು. ದೊಡ್ಡಪ್ಪನ ಮಗ ಸಿದ್ದಣ್ಣ ನಮಗೆಲ್ಲ ಹಿರಿಯ. ಅವನಾದ ಮೇಲೆ ನನ್ನ ಒಡಹುಟ್ಟಿದ ಅಣ್ಣ ನಂಜಣ್ಣ, ಕೊನೆಗೆ ನಾನು. ಜಗಲಿಯ ಕಲ್ಲುಚಪ್ಪಡಿಯ ಮೇಲೆ ಯಾವ ಕಾಲದವರೋ ಹುಲಿ-ಕುರಿ ಆಟದ ಮಣೆ ಕೆತ್ತಿದ್ದರು. ಹುಲಿ ಕುರಿಯ ಮೇಲೆ ಹಾರಿದರೆ ಕುರಿ ಸತ್ತಂತೆ, ಕುರಿಗಳೆಲ್ಲ ಸೇರಿ ಹುಲಿ ಅಲುಗಾಡದಂತೆ ದಾರಿ ಕಟ್ಟಿದರೆ ಹುಲಿ ಸೋತಂತೆ. ನಂಜಣ್ಣನಿಗೂ ನನಗೂ ಕಲಿಸಿದವನು ಸಿದ್ದಣ್ಣ. ಒಂದು ಕುರಿಯನ್ನೂ ಕಳೆದುಕೊಳ್ಳಬಾರದೆಂದು ನಾನು ಬಿಗಿ ಹಿಡಿದು ಆಡಿ ದಿನಾ ಸೋಲುತ್ತಿದ್ದೆ, ಸೋತು ಅಳುತ್ತಿದ್ದೆ. "ಒಂದ್ ಕುರಿ ಬುಡಮ್ಮಿ" ಎನ್ನುತ್ತಿದ್ದ ಸಿದ್ದಣ್ಣ. "ಹಸ್ದಿರ ಹುಲಿ ಬುಟ್ಟ ಕುರೀನ ತಿನ್ನದೇ ಇರಾಕಿಲ್ಲ. ತಿನ್ನಾಕ್ ಬತ್ತದಲ್ಲ, ಆಗ ಕಟ್ಟಾಕು." ಈ ಪಾಠ ಅಂದು ನನ್ನ ತಲೆಗೆ ಹತ್ತಲಿಲ್ಲ. ಕುರಿ ಬಿಡುವುದೆಂದರೆ ಸೋತ ಹಾಗೆ ಅನ್ನಿಸುತ್ತಿತ್ತು.

ನಂಜಣ್ಣ ಮದುವೆಯಾಗಿ ಚಂದಕವಾಡಿಗೆ ಮನೆ ಅಳಿಯನಾಗಿ ಹೋದ. ಹೆಂಡತಿಯ ಮನೆಯ ಹೊಲವೇ ಅವನ ಹೊಲವಾಯಿತು. ಅಲ್ಲಿ ಹೊಸ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಮೊದಲ ವೀಳ್ಯವನ್ನು ಮಾವನ ಕಡೆಯವರಿಗೆ ಕೊಟ್ಟು, ಅವರನ್ನೆಲ್ಲ ಕರೆದಾದ ಮೇಲೆ ಭೀಮನಬೀಡಿಗೆ ಬಂದ. ಹತ್ತಿರದವರನ್ನು ಮೊದಲು ಕರೆಯೋಣ, ದೂರದ ಊರಿಗೆ ಆಮೇಲೆ ಹೋಗೋಣ ಎಂಬ ಲೆಕ್ಕ ಅವನದು, ಪಾಪ. ನಮ್ಮ ಕಡೆ ಮೊದಲ ವೀಳ್ಯ ಹುಟ್ಟಿದ ಮನೆಗೆ. ಸಿದ್ದಣ್ಣ ವೀಳ್ಯದ ತಟ್ಟೆ ಮುಟ್ಟಲಿಲ್ಲ, ಗೃಹಪ್ರವೇಶಕ್ಕೆ ಹೋಗಲಿಲ್ಲ. ಅವನು ಬರಲಿಲ್ಲವೆಂದು ನಂಜಣ್ಣ ಭೀಮನಬೀಡಿನ ದಾರಿ ಬಿಟ್ಟ. ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದು ತಿಂದವರು ಸಂತೆಯಲ್ಲಿ ಎದುರಾದರೆ ಒಬ್ಬ ಟೊಮೇಟೊ ನೋಡುತ್ತಾನೆ, ಇನ್ನೊಬ್ಬ ಆಕಾಶ ನೋಡುತ್ತಾನೆ. ನೋಡಿ, ಒಂದು ಕಲ್ಲು ಹಿಂದುಮುಂದಾದದ್ದಕ್ಕೆ ಆಟವೇ ಹೋಯಿತು.

ಹೀಗಿರುವಾಗ ಸುಮಳ ಮದುವೆ ಗೊತ್ತಾಯಿತು. ಸುಮ ಚಾಮರಾಜನಗರದ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ಬೇಸಿಗೆ ರಜೆಗಳೆಲ್ಲ ಸಿದ್ದಣ್ಣನ ಮನೆಯಲ್ಲಿ ಕಳೆದಿದ್ದವು, ನರ್ಸಿಂಗ್ ಓದಿದ್ದು ನಂಜಣ್ಣನ ಮನೆಯಿಂದ. ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ಸುದ್ದಿ ತಿಳಿದ ಕೂಡಲೇ ಭೀಮನಬೀಡಿನಿಂದ ಸಿದ್ದಣ್ಣನ ಫೋನು ಬಂತು. "ಮೊದ್ಲ ವೀಳ್ಯ ಈ ಮನ್ಗೆ ಬರ್ಬೇಕು ಕಣಮ್ಮಿ. ಎಲ್ಡನೇದಾದ್ರೆ ತರ್ಲೇಬ್ಯಾಡ." ಅದರ ಬೆನ್ನಿಗೇ ಚಂದಕವಾಡಿಯಿಂದ ನಂಜಣ್ಣನದು. "ಒಂದೇ ವಟ್ಟೇಲಿ ಉಟ್ಟಿರೋನು ನಾನು. ನನ್ ಬುಟ್ಟು ಮೊದ್ಲು ಅಲ್ಲಿಗೆ ಓದ್ಯೋ, ನಾ ಚಪ್ರುಕ್ಕೆ ಕಾಲಿಡಾಕಿಲ್ಲ." ಇಬ್ಬರ ಮಾತೂ ಮಗಳಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತದೆ, "ಇಬ್ರು ಮಾವಂದ್ರೂ ಬರ್ಬೇಕು ಕಣಮ್ಮ. ಒಬ್ರು ಬಂದು ಒಬ್ರು ಬರ್ನಿಲ್ಲ ಅಂದ್ರೆ ನಾನು ಆ ಮಂಟಪುಕ್ಕೆ ಯಾವ್ ಮಕ ಇಟ್ಕೊಂಡ್ ಬರ್ಲಿ?" ಎಂದಳು. ಆಸ್ಪತ್ರೆಯಲ್ಲಿ ಎಂಥೆಂಥದನ್ನೋ ನೋಡಿ ಗಟ್ಟಿಯಾದ ಹುಡುಗಿ, ಕಣ್ಣು ಒರೆಸಿಕೊಂಡಳು.

ನೆಲದ ಮೇಲಿನ ಲೆಕ್ಕ, ಮನೆಯ ಲೆಕ್ಕ ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ಎಡಕ್ಕೆ ಭೀಮನಬೀಡು, ಬಲಕ್ಕೆ ಚಂದಕವಾಡಿ. ಒಂದೊಂದೇ ದಾರಿಯನ್ನು ಕೊನೆಯವರೆಗೆ ನಡೆದು ನೋಡಿದೆ. ಒಂದೇ ಹೊತ್ತಿಗೆ ನಾನು ಒಂದು ಕಡೆ, ನಮ್ಮ ಮನೆಯವರು ಇನ್ನೊಂದು ಕಡೆ ಹೋದರೆ? 'ಅಲ್ಲಿಗೆ ತಾನೇ ಓಗಿ, ಇಲ್ಲಿಗೆ ಗಂಡುನ್ನ ಕಳ್ಸವ್ಳೆ' ಎಂಬ ಮಾತು ಬರುತ್ತದೆ. ಸತ್ತೆ. ಇಬ್ಬರನ್ನೂ ನಮ್ಮ ಮನೆಗೇ ಕರೆಸಿ ಒಟ್ಟಿಗೆ ಕೊಟ್ಟರೆ? ಒಬ್ಬನಿದ್ದಾನೆಂದರೆ ಇನ್ನೊಬ್ಬ ಹೊಸಿಲು ದಾಟುವುದಿಲ್ಲ. ಅಲ್ಲೂ ಸತ್ತೆ. ಮೊದಲ ವೀಳ್ಯವನ್ನು ಬೆಟ್ಟದ ಮಾದಪ್ಪನಿಗೆ ಕೊಟ್ಟುಬಿಟ್ಟರೆ? ದೇವರಿಗೆ ಹೇಗೂ ಎಲ್ಲರೂ ಕೊಡುತ್ತಾರೆ, ದೇವರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ, ಅವನಾದ ಮೇಲೆ ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅಂಚೆಯಲ್ಲಿ ಕಳಿಸುವುದಂತೂ ಬಾಯಲ್ಲಿ ಆಡುವ ಮಾತೇ ಅಲ್ಲ. ನಮ್ಮ ಮನೆಯವರನ್ನು ಕೇಳಿದೆ. "ನಿಮ್ ತವರ್ ಇಸ್ಯ, ನಂಗ್ಯಾಕೆ" ಎಂದು ಈರುಳ್ಳಿ ರೇಟು ನೋಡುತ್ತ ಕೂತರು. ಮದುವೆಯಾದಾಗಿನಿಂದ ಅವರು ಕಲಿತ ಜಾಣತನವೆಲ್ಲ ಆ ಒಂದು ಮಾತಿನಲ್ಲಿದೆ.

ಕೊನೆಗೆ ಬಗೆಹರಿದದ್ದು ಮಣೆಯ ಲೆಕ್ಕವೇ ಮೊದಲು. ಸಂಜೆಯ ಬಸ್ಸು, ಎಂದಿನ ಕಿಟಕಿ ಸೀಟು. ಮೊಬೈಲಿನಲ್ಲಿ ಎಡಕ್ಕೆ, ಬಲಕ್ಕೆ ಇಟ್ಟು ಇಟ್ಟು ಬೇಸತ್ತು, ಕೆಲಸಕ್ಕೆ ಬಾರದ ಒಂದು ಜಾಗದಲ್ಲಿ, ಬಿಳಿಯ ಬಾಯೊಳಗೆ, ಸುಮ್ಮನೆ ಒಂದು ಕಪ್ಪು ಕಲ್ಲು ಇಟ್ಟೆ. ಇಟ್ಟ ಕಲ್ಲು ಸಾಯುವುದು ಖಂಡಿತ. ಬಿಳಿ ಅದನ್ನು ತಿಂದಿತು. ತಿನ್ನದೆ ವಿಧಿಯಿರಲಿಲ್ಲ, ಬಿಟ್ಟಿದ್ದರೆ ಅದರ ಗೋಡೆಯೇ ಒಡೆಯುತ್ತಿತ್ತು. ಆದರೆ ತಿಂದ ಮೇಲೆ ಅದರ ಉಸಿರು ಕಟ್ಟಿತು. ಈಗ ಎಡಕ್ಕೆ ಅದು ಬಂದರೆ ಬಲ ನನ್ನದು, ಬಲಕ್ಕೆ ಬಂದರೆ ಎಡ ನನ್ನದು. ಎರಡರಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಯೇ ಹಾರಿಹೋಗಿತ್ತು! ಅನುಮಾನ ಬೇಡವೆಂದು ಆ ಕಲ್ಲನ್ನು ಮೊದಲು ಇಡದೆ, ಎಡಕ್ಕೊಂದು ಇಟ್ಟು ಆಮೇಲೆ ಇಟ್ಟು ನೋಡಿದೆ. ಬಿಳಿ ಅದರ ಕಡೆ ತಿರುಗಿಯೂ ನೋಡಲಿಲ್ಲ, ಬಲಕ್ಕಿಟ್ಟು ನನ್ನನ್ನು ಮುಗಿಸಿತು. ಅಂದರೆ ಕಳೆದುಕೊಳ್ಳುವ ಕಲ್ಲನ್ನು ಎಲ್ಲಕ್ಕಿಂತ ಮೊದಲೇ ಕಳೆದುಕೊಳ್ಳಬೇಕು. "ಅಯ್ಯೋ ನನ್ ಬಂಗಾರ!" ಎಂದು ಕೂಗಿಬಿಟ್ಟೆ. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಶಿವಮಲ್ಲು ಗಾಬರಿಯಾಗಿ, "ಏನ್ ಮೇಡಮ್ಮಾರೆ, ಸರ ಕಳೀತಾ?" ಎಂದು ಸೀಟಿನ ಕೆಳಗೆ ಬಗ್ಗಿದ.

ಸೀಟಿನ ಕೆಳಗೆ ಬಗ್ಗಿದ್ದ ಶಿವಮಲ್ಲುವಿನ ಬೆನ್ನು ನೋಡುತ್ತ ನನಗೆ ಮನೆಯ ಲೆಕ್ಕವೂ ಹೊಳೆಯಿತು. ಇದನ್ನು ಬರೆಯುವಾಗಲೂ ಕೈ ಮೀಸೆಗೆ ಹೋಗುತ್ತದೆ, ಮೀಸೆ ಇಲ್ಲದ್ದರಿಂದ ಸೆರಗು ಸರಿಮಾಡಿಕೊಳ್ಳುತ್ತೇನೆ.

ಶಿವಮಲ್ಲುವಿನ ಬಸ್ಸು ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ ದಿನವಿಡೀ ತಿರುಗುತ್ತದೆ. ಆ ತುದಿಯಲ್ಲಿ ಚಂದಕವಾಡಿಯವರು ಹತ್ತುತ್ತಾರೆ, ಈ ತುದಿಯಲ್ಲಿ ಭೀಮನಬೀಡಿನವರು. ಅವನ ಬಸ್ಸಿನಲ್ಲಿ ಆಡಿದ ಮಾತು ಟಿಕೆಟ್ ಇಲ್ಲದೆ ಎರಡೂ ಊರು ಮುಟ್ಟುತ್ತದೆ. ಮರುದಿನ ಬೆಳಿಗ್ಗೆ ನಾನು ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಅರಿಶಿನ ಕುಂಕುಮ, ಮೇಲೆ ಪತ್ರಿಕೆ ಇಟ್ಟುಕೊಂಡು ಹೊರಟೆ. ನಮ್ಮ ಮನೆಯವರಿಗೆ ವಿಷಯ ಹೇಳಿದ್ದೆ. ಅವರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟರು. "ತಲೆಗಿಲೆ ಕೆಟ್ಟದಾ ನಿಂಗೆ? ಇರೋ ಒಂದ್ ತವರ್ನೂ ಕಳ್ಕೊತೀಯ. ಇಬ್ರೂ ಬರ್ದೇ ಓದ್ರೆ?" ಎಂದರು. ಬಾಗಿಲಲ್ಲಿ ನಿಂತು ನಾನೂ ಯೋಚಿಸಿದೆ. ಮಣೆಯ ಮೇಲೆ ಕಲ್ಲು ಸತ್ತರೆ ಹೊಸದಾಗಿ ಹೂಡಬಹುದು. ಅಣ್ಣಂದಿರನ್ನು ಹೊಸದಾಗಿ ಹೂಡಲು ಬರುವುದಿಲ್ಲ. ಆದರೂ ಮೊದಲು ಇಟ್ಟರೆ ಮಾತ್ರ ಬೆಲೆಯಿರುವ ಕಲ್ಲು ಅದು. ಇಬ್ಬರಲ್ಲಿ ಒಬ್ಬನಿಗೆ ಕೊಟ್ಟು ಆಮೇಲೆ ಕಂಡಕ್ಟರಿಗೆ ಕೊಟ್ಟರೆ ಯಾರಿಗೆ ಏನು?

ಬಸ್ಸು ತುಂಬಿತ್ತು. ಶಿವಮಲ್ಲು ಹತ್ತಿರ ಬಂದಾಗ ಎದ್ದು ನಿಂತು ಅವನ ಹಣೆಗೆ ಕುಂಕುಮ ಇಟ್ಟು, ತಟ್ಟೆಯನ್ನು ಎರಡೂ ಕೈಯಲ್ಲಿ ಚಾಚಿ, "ಮಗಳ ಮದುವೆ. ಮನೆಯವರನ್ನೆಲ್ಲ ಕರ್ಕೊಂಡು ಮೊದಲ ದಿನವೇ ಬರಬೇಕು" ಎಂದೆ. ಅವನು ಟಿಕೆಟ್ ಮಿಷನ್ನನ್ನು ಬೆನ್ನ ಹಿಂದಕ್ಕೆ ತಳ್ಳಿಕೊಂಡು, ಚಪ್ಪಲಿ ಬಿಟ್ಟು, ಕೈ ಒರೆಸಿಕೊಂಡ. "ಅಯ್ಯೋ, ನಂಗ್ಯಾಕ್ ಮೇಡಮ್ಮಾರೆ ಇಷ್ಟೆಲ್ಲ?" ಪಕ್ಕದ ಸೀಟಿನ ಹೆಂಗಸು ಸುಮ್ಮನಿದ್ದಾಳೆಯೇ? "ತವರ್ಗೆ ಕೊಟ್ಟಾಯ್ತೇನವ್ವ?" ಎಂದಳು. ನನಗೆ ಬೇಕಾದ್ದೂ ಅದೇ. "ಇಲ್ಲ ಕಣವ್ವ, ಇದೇ ಮೊದಲ್ನೇದು" ಎಂದೆ, ಹಿಂದಿನ ಸೀಟಿಗೂ ಕೇಳುವ ಹಾಗೆ. ಹಿಂದಿನ ಸೀಟಿನವರೆಲ್ಲ ಕತ್ತು ಚಾಚಿ ತಟ್ಟೆ ನೋಡಿದರು. ಇಲ್ಲಿ ಒಂದು ಮಾತು ಹೇಳಬೇಕು. ಶಿವಮಲ್ಲುವನ್ನು ಬರೀ ಬಲಿ ಕೊಡುವ ಕಲ್ಲೆಂದು ನೀವು ತಿಳಿಯಬಾರದು. ಮಳೆಯಲ್ಲಿ ನಾನು ತಡವಾಗಿ ಓಡಿಬರುವಾಗ ಬಸ್ಸು ಬಿಡದೆ ಡ್ರೈವರನ ಹತ್ತಿರ ಬೈಸಿಕೊಂಡು ನಿಲ್ಲಿಸಿದವನು ಅವನು. ಅವನಿಗೆ ವೀಳ್ಯ ಕೊಡುವುದಕ್ಕೆ ಲೆಕ್ಕದ ನೆಪ ಬೇಕಿರಲಿಲ್ಲ. ಬಲಿ ಬಿದ್ದದ್ದು ತವರಿನಲ್ಲಿ ನನಗಿದ್ದ ಒಳ್ಳೆಯ ಹೆಸರು.

ಅಂದು ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ. ಬೈದಾದರೂ ಬೈಯಲಿ ಎಂದು ಫೋನನ್ನು ಅಡುಗೆ ಕಟ್ಟೆಯ ಮೇಲೆ, ದೇವರ ಮುಂದೆ, ಹಾಜರಿ ಪುಸ್ತಕದ ಪಕ್ಕ ಇಟ್ಟುಕೊಂಡು ಕಾದೆ. ನಮ್ಮ ಮನೆಯವರು ಎಂದೂ ಇಲ್ಲದವರು ಅವರೆಕಾಳನ್ನು ತಾವೇ ತಂದು ನೆಲದ ಮಣೆಯ ಪಕ್ಕ ಇಟ್ಟು ಹೋದರು. ಆ ಮನುಷ್ಯನ ಸಮಾಧಾನ ಅದು. ನನಗೆ ಕಲ್ಲು ಮುಟ್ಟುವ ಮನಸ್ಸೇ ಆಗಲಿಲ್ಲ. ಯಾವನೋ ಊರುಹೆಸರಿಲ್ಲದವನು ಹೂಡಿಟ್ಟ ಮೂಲೆಯ ಲೆಕ್ಕವನ್ನು ನಂಬಿ ಮಗಳ ಮದುವೆ ಕೆಡಿಸಿಕೊಂಡ ಗಣಿತದ ಟೀಚರು ಎಂದು ಊರೆಲ್ಲ ನಗುವುದು ಕಣ್ಣ ಮುಂದೆ ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಬಾಗಿಲ ಮುಂದೆ ಒಂದು ಬೈಕು ನಿಂತಿತು. ಓಡಿಸುತ್ತಿದ್ದವನು ನಂಜಣ್ಣ. ಹಿಂದೆ ತಲೆಗೆ ಟವೆಲು ಸುತ್ತಿಕೊಂಡು, ತಮ್ಮನ ಭುಜ ಹಿಡಿದುಕೊಂಡು ಕೂತಿದ್ದವನು ಸಿದ್ದಣ್ಣ. ನಾನು ನೋಡುತ್ತಲೇ ನಿಂತೆ. ಚಂದಕವಾಡಿಯಿಂದ ಬರುವವನಿಗೆ ನಮ್ಮ ಮನೆಯೇ ಮೊದಲು ಸಿಗಬೇಕು. ಅವನು ನಮ್ಮ ಬೀದಿ ದಾಟಿ ಭೀಮನಬೀಡಿಗೆ ಹೋಗಿ, ಬಿಟ್ಟಿದ್ದ ಹೊಸಿಲನ್ನು ತುಳಿದು, ಅಣ್ಣನನ್ನು ಹತ್ತಿಸಿಕೊಂಡು ಹಿಂದಕ್ಕೆ ಬಂದಿದ್ದ. ಮೊದಲು ಅಲ್ಲಿಗೆ, ಆಮೇಲೆ ಇಲ್ಲಿಗೆ. ನಂಜಣ್ಣ ಕೊನೆಗೂ ಸರಿಯಾದ ಸಾಲಿನಲ್ಲಿ ಕಲ್ಲು ಇಟ್ಟಿದ್ದ!

"ಏನಮ್ಮಿ, ನಾವಿಬ್ರೂ ಸತ್ತೋಗಿದ್ವಾ?" ಎಂದು ಸಿದ್ದಣ್ಣ ಬಾಗಿಲಲ್ಲೇ ಶುರು ಮಾಡಿದ.

"ಬಸ್ ಕಂಡಕ್ಟ್ರು ನಿಂಗ್ ಅಣ್ಣ ಆಗ್ಬುಟ್ನಾ? ಕೇಳಣ್ಣ, ಕೇಳು ಅವ್ಳ!" ಎಂದ ನಂಜಣ್ಣ.

"ನಾನೇನ್ಲಾ ಕೇಳಾದು, ನೀನೂ ಕೇಳು. ಇಬ್ರಿಗೂ ತಾನೇ ಮರ್ವಾದೆ ಓಗಿರಾದು."

ಬೈಗುಳ ತಲೆಯ ಮೇಲೆ ಸುರಿಯುತ್ತಿತ್ತು, ನಾನು ಬಗ್ಗಿಸಿದ ತಲೆ ಎತ್ತಲಿಲ್ಲ. ಎತ್ತಿದರೆ ನಗುವೋ ಅಳುವೋ ಯಾವುದೋ ಒಂದು ಆಚೆ ಬಂದುಬಿಡುತ್ತಿತ್ತು. ನನ್ನನ್ನು ಬೈಯುವುದಕ್ಕೆ ಒಬ್ಬ ಮಾತು ತಡವರಿಸಿದರೆ ಇನ್ನೊಬ್ಬ ಎತ್ತಿಕೊಡುತ್ತಿದ್ದ. ಬೈದು ದಣಿದು ಇಬ್ಬರೂ ಒಂದೇ ಚಾಪೆಯ ಮೇಲೆ ಕೂತರು. ಸುಮ ಒಂದು ಚೊಂಬು ನೀರು ತಂದಳು. ಸಿದ್ದಣ್ಣ ಕುಡಿದು ಚೊಂಬನ್ನು ನಂಜಣ್ಣನಿಗೆ ದಾಟಿಸಿದ. ನಾನು ಒಳಗೆ ಹೋಗಿ ತಟ್ಟೆ ಹಿಡಿದು ಬಂದು, "ಮೊದಲು ಯಾರಿಗೆ ಕೊಡಲಿ?" ಎಂದೆ.

"ಒಡುಟ್ಟಿದೋನು ಅವ್ನು, ಅವ್ನಿಗೇ ಕೊಡು."

"ಏ, ದೊಡ್ಡೋನಿದ್ದಂಗೆ ನಂಗ್ ಬ್ಯಾಡ. ಅಣ್ಣುನ್ಗೆ ಕೊಡು."

"ಕಂಡಕ್ಟ್ರುಗೇ ಕೊಟ್ಮೇಲೆ ನಮ್ದೇನ್ಲಾ ಮೊದ್ಲು ಆಮೇಲೆ! ಯಾರ್ಗಾದ್ರೂ ಕೊಡಮ್ಮಿ, ಒಟ್ಟೆ ಅಸೀತದ."

ಎಡಕ್ಕೆ ಅವನು ಬಂದರೆ ಬಲ ನನ್ನದು, ಬಲಕ್ಕೆ ಬಂದರೆ ಎಡ ನನ್ನದು. ಬಾಗಿಲ ಮರೆಯಲ್ಲಿ ನಿಂತಿದ್ದ ನಮ್ಮ ಮನೆಯವರ ಕಡೆ ಒಂದು ನೋಟ ಬೀಸಿದೆ. ಅಷ್ಟು ಜಂಬದ ನೋಟವನ್ನು ನಾನು ನನ್ನ ಮದುವೆಯ ದಿನವೂ ಬೀಸಿರಲಿಲ್ಲ.

ಮದುವೆಯ ದಿನ ಸುಮಳ ಎಡಗೈಯನ್ನು ಒಬ್ಬ ಮಾವ, ಬಲಗೈಯನ್ನು ಒಬ್ಬ ಮಾವ ಹಿಡಿದುಕೊಂಡು ಮಂಟಪಕ್ಕೆ ಕರೆತಂದರು. ಶಿವಮಲ್ಲು ಹೊಸ ಪಂಚೆ ಉಟ್ಟು, ಹೆಗಲಿಗೆ ನಾನು ಹೊದಿಸಿದ ಶಾಲು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಮೊದಲ ವೀಳ್ಯ ಪಡೆದವನು, ಹಿಂದೆ ಕೂರುವುದು ಹೇಗೆ?

ಊಟವಾಯಿತು. ಸಿದ್ದಣ್ಣ ಚಪ್ಪರದ ಮೂಲೆಯಲ್ಲಿ ಕಾಲು ಚಾಚಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಎಲೆಗೆ ಸುಣ್ಣ ಸವರುತ್ತ, ನನ್ನ ಕಡೆ ನೋಡದೆ ಕೇಳಿದ.

"ಅಮ್ಮೀ, ಕುರಿ ಬುಟ್ಟು ಹುಲಿ ಕಟ್ಟಾಕಾದ ನಿಂಗ್ ಕಲ್ಸ್ದೋರ್ಯಾರು?"

"ನೀನೆ ಕಣಣ್ಣ" ಎಂದೆ.

"ಮತ್ತೆ? ಕಂಡಕ್ಟ್ರುಗೆ ವೀಳ್ಯ ಕೊಟ್ಳು ಅಂತ ಬಸ್ಸಿಳ್ದೋರು ಏಳ್ದಾಗ್ಲೇ ತಿಳೀತು ನಂಗೆ, ಇದು ಬುಟ್ಟಿರ ಕುರಿ ಅಂತ."

"ಗೊತ್ತಿದ್ದೂ ಯಾಕಣ್ಣ ತಿನ್ನಾಕೆ ಬಂದೆ?"

ಅವನು ಎಲೆ ಮಡಚಿ ಬಾಯಿಗಿಟ್ಟುಕೊಂಡ. ಆ ಕಡೆ ನಂಜಣ್ಣ ಬಾಳೆಲೆ ಎತ್ತಿಸುತ್ತ ಯಾರನ್ನೋ ಗದರುತ್ತಿದ್ದ. ಅವನನ್ನು ನೋಡುತ್ತ ಸಿದ್ದಣ್ಣ ಹೇಳಿದ, "ಎಷ್ಟೊರ್ಸದಿಂದ ಹಸ್ಕೊಂಡ್ ಕೂತಿದ್ದೆ ಕಣಮ್ಮಿ."

ಅಲ್ಲಿಗೆ ನನ್ನ ಜಂಬ ಇಳಿದಿರಬೇಕು ಎಂದು ನೀವು ಅಂದುಕೊಳ್ಳುತ್ತಿರಬಹುದು. ಇಲ್ಲ, ಜಾಸ್ತಿಯಾಗಿದೆ. ಮೂಲೆಯ ಲೆಕ್ಕ ಬಿಡಿಸುವವರು ಚೀನಾದಲ್ಲಿ ಇದ್ದಾರೆ, ಜಪಾನಿನಲ್ಲಿ ಇದ್ದಾರೆ. ಗೊತ್ತಿದ್ದೂ ಕಟ್ಟಿಸಿಕೊಳ್ಳಲು ಬರುವ ಹುಲಿ ಭೀಮನಬೀಡಿನಲ್ಲಿದೆ, ಅದು ನನ್ನ ಅಣ್ಣ.